ಎಂಜಿನ್ನಿನೊಳಗಿನ ಟಿಕ್ ಟಿಕ್

ಕೇಂದ್ರ ಸರಕಾರದ ಕಾರಕೂನನ ಮನೆ ಬಾಗಿಲಿಗೆ ಕಾರು ಬರಬೇಕಾದರೆ ಒಂದು ವೇತನ ಆಯೋಗವಾದರೂ ಬಂದು ಹೋಗಬೇಕು. ನಮ್ಮ ಮನೆಗೂ ಅದು ಹಾಗೆಯೇ ಬಂತು. 2016ರ ಆಗಸ್ಟ್ ತಿಂಗಳ ಸಂಬಳದ ಜೊತೆಗೆ ಏಳನೆಯ ವೇತನ ಆಯೋಗದ ಬಾಕಿ ಕೈಗೆ ಬಿತ್ತು. ಅದು ಕಾರಿನ ಚಕ್ರಗಳಿಗೆ ಸಾಲುವಷ್ಟಿತ್ತು. ಉಳಿದದ್ದಕ್ಕೆ ಕಚೇರಿಯ ಸೊಸೈಟಿಯಲ್ಲಿ ಸಾಲ ಎತ್ತಿ, ಮೂರು ಸಿಲಿಂಡರಿನ ಸಣ್ಣದೊಂದು ಪೆಟ್ರೋಲ್ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆವು. ಕಂಪನಿಯ ಹೆಸರು ಇಲ್ಲಿ ಬೇಡ. ವಯಸ್ಸಾದ ಗಾಡಿಯ ಹೆಸರು ಕೆಡಿಸಿ ನಮಗೇನಾಗಬೇಕು?

ವರ್ಷಕ್ಕೆ ಎರಡು ಸಲ ಅದು ನಮ್ಮನ್ನು ಪುಣೆಯಿಂದ ಧಾರವಾಡಕ್ಕೆ ಒಯ್ದು ತರುತ್ತದೆ. ಕಾತ್ರಜದ ಸುರಂಗ ದಾಟಿ, ಖಂಬಾಟಕಿ ಘಾಟು ಏರಿ, ಸಾತಾರಾ, ಕರಾಡ, ಕೊಲ್ಹಾಪುರ ಹಿಂದೆ ಹಾಕಿ ನಿಪ್ಪಾಣಿ ಸಮೀಪಿಸಿತೆಂದರೆ ಹಿಂದಿನ ಸೀಟಿನಲ್ಲಿ ಗದ್ದಲ ಶುರು. ಮೊದಲ ಕನ್ನಡ ಬೋರ್ಡನ್ನು ಓದಿದವರು ಯಾರು ಎಂದು ಮಗಳಿಗೂ ಮಗನಿಗೂ ಜಗಳ. ಪುಣೆಯಲ್ಲಿ ಹುಟ್ಟಿ ಮರಾಠಿಯಲ್ಲಿ ಆಡಿ ಬೆಳೆದ ಮಕ್ಕಳು ಕನ್ನಡ ಅಕ್ಷರಕ್ಕಾಗಿ ಜಗಳ ಆಡುವುದು ಆ ಒಂದು ರಸ್ತೆಯಲ್ಲಿ ಮಾತ್ರ. ಆದ್ದರಿಂದ ಆ ಕಾರಿನ ಮೇಲೆ ನಮಗೆ ಅದರ ಬೆಲೆಗೆ ಮೀರಿದ ಮಮತೆ.

ಕಳೆದ ದೀಪಾವಳಿ ಮುಗಿದು ಬೆಳಗಿನ ಚಳಿ ಬಿದ್ದ ಮೇಲೆ ಎಂಜಿನ್ನಿನಿಂದ ಒಂದು ಸದ್ದು ಕೇಳಿಸತೊಡಗಿತು. ಟಿಕ್, ಟಿಕ್, ಟಿಕ್. ಗೋಡೆ ಗಡಿಯಾರಕ್ಕೆ ಯಾರೋ ಚಾಟಿ ಬೀಸಿ ಓಡಿಸಿದ ಹಾಗೆ.

ಬೇರೆ ಕಾಲದಲ್ಲಾಗಿದ್ದರೆ ರೇಡಿಯೋ ಧ್ವನಿ ಸ್ವಲ್ಪ ಹೆಚ್ಚಿಸಿ ಸುಮ್ಮನಿರುತ್ತಿದ್ದೆವೋ ಏನೋ. ಈ ಸಲ ಹಾಗಿರಲಿಲ್ಲ. ಧಾರವಾಡದಲ್ಲಿ ನಮ್ಮ ತಾಯಿ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು, ಶಸ್ತ್ರಕ್ರಿಯೆ ಆಗಿ, ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುವ ಹಂತಕ್ಕೆ ಬಂದಿದ್ದರು. ಆ ಮನೆಯಲ್ಲಿ ಅವರೊಬ್ಬರೇ. ಸಂಕ್ರಾಂತಿಗೆ ಮೊದಲು ಪುಣೆಗೆ ಕರೆತರುವುದೆಂದು ನಿರ್ಧಾರವಾಗಿತ್ತು. ಬಸ್ಸಿನ ಮೆಟ್ಟಿಲು ಏರುವಂತಿಲ್ಲ, ರೈಲಿನಲ್ಲಿ ಇಳಿದು ಹತ್ತುವ ಅವಸರ ಆಗದು. ಹಿಂದಿನ ಸೀಟಿನಲ್ಲಿ ದಿಂಬಿಟ್ಟು ಕಾಲು ಚಾಚಿ ಕೂರಿಸಿ, ಗಂಟೆಗೊಮ್ಮೆ ನಿಲ್ಲಿಸಿ ತರಬೇಕು ಎಂದು ಡಾಕ್ಟರರ ಅಪ್ಪಣೆ. ನಾನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ನಡುದಾರಿಯಲ್ಲಿ ಎಂಜಿನ್ ಕೈಕೊಟ್ಟರೆ ನಾವು ನಾಲ್ವರು ತಳ್ಳಿಕೊಂಡಾದರೂ ಹೋಗಬಹುದು. ಅಮ್ಮನನ್ನು ಎಲ್ಲಿ ಕೂರಿಸುವುದು?

ಸರಿ, ಒಂದು ದೊಡ್ಡ ವರ್ಕ್‌ಶಾಪಿಗೆ ಒಯ್ದೆವು. ಅಲ್ಲಿ ಇಸ್ತ್ರಿ ಮಾಡಿದ ಅಂಗಿಯ ಯುವಕನೊಬ್ಬ ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ಬಂದ. ನಾವು ಸದ್ದಿನ ವರ್ಣನೆ ಮಾಡತೊಡಗಿದ್ದೇ ಅವನು ಅದರ ಮೇಲೆ 'ಎಂಜಿನ್ ನಾಯ್ಸ್' ಎಂದು ಎರಡೇ ಪದ ಒತ್ತಿ ಮುಗಿಸಿದ. ಬಾನೆಟ್ ಎತ್ತಿದರು, ಒಂದು ನಿಮಿಷ ಕೇಳಿದರು, ಮುಚ್ಚಿದರು. ಟ್ಯಾಪೆಟ್ ಹೋಗಿದೆ, ಹೆಡ್ ಬಿಚ್ಚಬೇಕು, ಬಿಚ್ಚಿದ ಮೇಲೆ ಇನ್ನೇನು ಕಾಣುತ್ತದೋ ಗೊತ್ತಿಲ್ಲ, ಸದ್ಯಕ್ಕೆ 38,000 ರೂಪಾಯಿ ಅಂದಾಜು ಎಂದರು. ಹನ್ನೆರಡನೆಯ ತರಗತಿಯಲ್ಲಿರುವ ಮಗಳ ಕ್ಲಾಸಿನ ಎರಡನೆಯ ಕಂತು ಅದೇ ತಿಂಗಳು ಕಟ್ಟಬೇಕಿತ್ತು. ಎರಡು ಮೊತ್ತಗಳೂ ಹೆಚ್ಚು ಕಡಿಮೆ ಒಂದೇ. ಅಂದಾಜುಪಟ್ಟಿ ಮಡಿಸಿ ಜೇಬಿಗಿಟ್ಟು, ಯೋಚಿಸಿ ಹೇಳುತ್ತೇವೆಂದು ಹೊರಟು ಬಂದೆವು.

ಅವರು ಕೆಟ್ಟವರೆಂದು ನಮ್ಮ ಅಭಿಪ್ರಾಯವಲ್ಲ. ಆದರೆ ಇಪ್ಪತ್ತು ವರ್ಷ ಫೈಲುಗಳ ನಡುವೆ ಕಳೆದವರಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ಪ್ರಕರಣದ ಸಂಗತಿಗಳು ಹಾಳೆಯ ಮೇಲೆ ಬರುವ ಮೊದಲೇ ಶಿಫಾರಸು ಬಂದರೆ ಮನಸ್ಸು ಒಪ್ಪುವುದಿಲ್ಲ. ಅಂದು ರಾತ್ರಿ ಊಟವಾದ ಮೇಲೆ ಮಗನ ಹಳೆಯ ನೋಟುಪುಸ್ತಕದಲ್ಲಿ ಕಾರಿನದೊಂದು ನೋಟಿಂಗ್ ತೆರೆದೆವು. ನಮ್ಮ ಮನೆಯಾಕೆ ನಕ್ಕಳು. ನಗಲಿ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡುವಾಗ ಸೋನೋಮೀಟರಿನ ತಂತಿ ಮೀಟಿ, ಶ್ರುತಿಕವೆ ಬಡಿದು ಕಿವಿಗೊಟ್ಟ ವಿದ್ಯೆ ಕಚೇರಿಯಲ್ಲಿ ಒಂದು ದಿನವೂ ಉಪಯೋಗಕ್ಕೆ ಬಂದಿರಲಿಲ್ಲ. ಬಂದಾಗ ಬಿಡುವುದೇ?

ಮೊದಲ ಪ್ರಶ್ನೆ, ಸದ್ದು ಎಂಥದ್ದು? ಇಲ್ಲಿ ನಮ್ಮ ಕನ್ನಡಕ್ಕೆ ಕೈಮುಗಿಯಬೇಕು. ಶಾಲೆಯಲ್ಲಿ ಅನುಕರಣಾವ್ಯಯ ಎಂದು ಬಾಯಿಪಾಠ ಮಾಡಿಸುತ್ತಿದ್ದರಲ್ಲ, ಅದು ಮೆಕ್ಯಾನಿಕ್ಕಿಗೆ ಎಷ್ಟು ಬೇಕಾದ ವಿದ್ಯೆ ಎಂಬುದು ಈಗ ತಿಳಿಯಿತು. ಬೆಲ್ಟು ಸಡಿಲಾಗಿ ಜಾರಿದರೆ ಕಿರ್ರ್ ಎನ್ನುತ್ತದೆ. ಆಲ್ಟರ್ನೇಟರಿನದೋ ವಾಟರ್ ಪಂಪಿನದೋ ಬೇರಿಂಗ್ ಸವೆದರೆ ಗೊರಗೊರ. ಸೈಲೆನ್ಸರಿನ ಮೇಲಿನ ತಗಡು ಸಡಿಲಾದರೆ ಜರಜರ. ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋದರೆ ಧಡ್ ಧಡ್ ಎಂದು ಎದೆಗೆ ಬಡಿಯುವ ಸದ್ದು. ಅದು ಕೇಳಿದರೆ ಎಂಜಿನ್ ಆಗಲೇ ನಿಲ್ಲಿಸಬೇಕು. ನಮ್ಮದು ಇದ್ಯಾವುದೂ ಅಲ್ಲ. ಹಗುರವಾದ, ಚೂಪಾದ ಟಿಕ್ ಟಿಕ್. ಟ್ಯಾಪೆಟ್ ಎಂದು ಅವರು ಹೇಳಿದ್ದಕ್ಕೆ ಅಷ್ಟರಮಟ್ಟಿಗೆ ಆಧಾರವಿತ್ತು.

ಎರಡನೆಯದು, ಯಾವಾಗ? ನಾಲ್ಕು ದಿನ ಬೆಳಿಗ್ಗೆ ಸಾಯಂಕಾಲ ಬರೆದಿಟ್ಟೆವು. ರಾತ್ರಿಯಿಡೀ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಿದ ಕ್ಷಣದಿಂದಲೇ ಸದ್ದು. ಆಕ್ಸಿಲರೇಟರ್ ಒತ್ತಿದರೆ ಬೇಗವೂ ಆಗುತ್ತದೆ, ಜೋರೂ ಆಗುತ್ತದೆ. ನಿಂತ ಗಾಡಿಯಲ್ಲೂ ಉಂಟು, ಅಂದಮೇಲೆ ಚಕ್ರದ್ದಲ್ಲ. ಕ್ಲಚ್ ಒತ್ತಿದರೆ, ಬಿಟ್ಟರೆ ಭೇದವಿಲ್ಲ. ಎ.ಸಿ. ಹಾಕಿದರೂ ಅಷ್ಟೇ. ಆಯಿಲ್ ಕಡ್ಡಿ ಎಳೆದು ನೋಡಿದರೆ ಮಟ್ಟ ಎರಡು ಗೆರೆಗಳ ನಡುವೆ ಸರಿಯಾಗಿದೆ, ಆಯಿಲ್ ದೀಪ ಸ್ಟಾರ್ಟ್ ಆದೊಡನೆ ಆರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಹತ್ತು ಹನ್ನೆರಡು ನಿಮಿಷ ಓಡಿ ಎಂಜಿನ್ ಬಿಸಿಯಾಯಿತೆಂದರೆ ಸದ್ದು ಮುಕ್ಕಾಲು ಪಾಲು ಅಡಗಿ ಹೋಗುತ್ತದೆ. ಬಿಸಿ ಗಾಡಿಯನ್ನು ವರ್ಕ್‌ಶಾಪಿಗೆ ಒಯ್ದರೆ ಅವರಿಗೆ ಕೇಳುವುದು ಉಳಿದ ಕಾಲು ಪಾಲು ಮಾತ್ರ.

ಮೂರನೆಯದು ಎಣಿಕೆ. ಇದರಲ್ಲಿ ಮಕ್ಕಳು ಸೇರಿದರು. ಎಂಜಿನ್ನಿನ ಮುಳ್ಳು ಸಾವಿರದ ಮೇಲೆ ನಿಂತಾಗ ಮಗಳು ಮೊಬೈಲಿನಲ್ಲಿ ಹತ್ತು ಸೆಕೆಂಡಿನ ಸದ್ದು ಹಿಡಿದು, ಅದನ್ನು ನಾಲ್ಕು ಪಟ್ಟು ನಿಧಾನ ಮಾಡಿ ಕೇಳಿಸಿದಳು. ಮಗ ಗೆರೆ ಎಳೆದು ಎಣಿಸಿದ. 84 ಟಿಕ್‌ಗಳು. ಈಗ ಲೆಕ್ಕ ನೋಡಿ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕ್ರ್ಯಾಂಕು ಎರಡು ಸುತ್ತು ತಿರುಗುವಷ್ಟರಲ್ಲಿ ಒಂದೊಂದು ಸಿಲಿಂಡರು ಒಂದೊಂದು ಸಲ ಮಾತ್ರ ಉರಿಯುತ್ತದೆ, ಅದರ ವಾಲ್ವುಗಳೂ ಒಂದೊಂದು ಸಲ ತೆರೆಯುತ್ತವೆ. ನಿಮಿಷಕ್ಕೆ ಸಾವಿರ ಸುತ್ತಾದರೆ ಒಂದು ಸಿಲಿಂಡರಿನ ಪಾಲು ಐನೂರು. ಹತ್ತು ಸೆಕೆಂಡಿಗೆ 83. ಕ್ರ್ಯಾಂಕಿನ ಪ್ರತಿ ಸುತ್ತಿಗೂ ಬಡಿಯುವಂಥದ್ದಾದರೆ 160 ದಾಟಬೇಕಿತ್ತು. ಮೂರೂ ಸಿಲಿಂಡರಿನ ಕಾಯಿಲೆಯಾದರೆ 250 ಆಗಬೇಕಿತ್ತು. ಅಂದಮೇಲೆ ಒಂದೇ ಸಿಲಿಂಡರಿನ ಕೆಲಸ. ಆದರೆ ವಾಲ್ವಿನದೋ, ಇಂಜೆಕ್ಟರಿನದೋ, ಹೊಗೆ ಹೋಗುವ ದಾರಿಯದೋ ಎಂಬುದನ್ನು ಲೆಕ್ಕ ಹೇಳುವುದಿಲ್ಲ. ಮೂರರ ಗತಿಯೂ ಒಂದೇ.

ಅಲ್ಲಿಗೆ ಕಿವಿಯೇ ಗತಿ. 1816ರಲ್ಲಿ ಪ್ಯಾರಿಸಿನ ಲೆನೆಕ್ ಎಂಬ ವೈದ್ಯ ರೋಗಿಯ ಎದೆಗೆ ನೇರ ಕಿವಿ ಇಡಲು ಸಂಕೋಚಪಟ್ಟು ಕಾಗದ ಸುರುಳಿ ಮಾಡಿ ಅದರ ಮೂಲಕ ಕೇಳಿದನಂತೆ. ಸ್ಟೆತಾಸ್ಕೋಪು ಹುಟ್ಟಿದ್ದು ಹೀಗೆ. ಮೆಕ್ಯಾನಿಕ್ಕುಗಳು ಉದ್ದನೆಯ ಸ್ಕ್ರೂ ಡ್ರೈವರಿನ ಹಿಡಿಗೆ ಕಿವಿ ಇಟ್ಟು ಕೇಳುವುದೂ ಅದೇ ವಿದ್ಯೆ. ನಮ್ಮ ಮನೆಯಲ್ಲಿ ಅಷ್ಟುದ್ದದ ಸ್ಕ್ರೂ ಡ್ರೈವರ್ ಇಲ್ಲ, ಲಟ್ಟಣಿಗೆ ಇದೆ. ಮರದೊಳಗೆ ನಾದ ಗಾಳಿಗಿಂತ ಸುಮಾರು ಹತ್ತು ಪಟ್ಟು ವೇಗವಾಗಿ ಹೋಗುತ್ತದೆ ಎಂದು ವಿವರಿಸಿದ್ದಕ್ಕೆ ಮನೆಯಾಕೆ, ಹೋಗಲಿ, ಆದರೆ ತೊಳೆದು ತರಬೇಕು ಎಂದು ಕೊಟ್ಟಳು.

(ಇಲ್ಲೊಂದು ಮಾತು. ಓಡುವ ಎಂಜಿನ್ನಿನ ಮೇಲೆ ಬಗ್ಗುವಾಗ ಸೆರಗು, ದುಪಟ್ಟಾ, ಸಡಿಲ ತೋಳು, ಕೈಗಡಿಯಾರ ಯಾವುದೂ ಬೆಲ್ಟಿನ ಹತ್ತಿರ ಸುಳಿಯಬಾರದು. ಫ್ಯಾನು ತಾನಾಗಿ ತಿರುಗಲು ಶುರು ಮಾಡುತ್ತದೆ. ಇದನ್ನು ಮಾಡಬೇಕಾದದ್ದು ಬಯಲಿನಲ್ಲಿ, ಬೇಸ್‌ಮೆಂಟಿನಲ್ಲಲ್ಲ.)

ಭಾನುವಾರ ಬೆಳಿಗ್ಗೆ ಆರೂವರೆಗೆ, ಗಾಡಿ ತಣ್ಣಗಿರುವಾಗಲೇ, ಲಟ್ಟಣಿಗೆಯ ಒಂದು ತುದಿ ಟ್ಯಾಪೆಟ್ ಮುಚ್ಚಳದ ಮೇಲೆ, ಇನ್ನೊಂದು ತುದಿ ಕಿವಿಗೆ. ನೆರೆಹೊರೆಯವರು ಬಾಲ್ಕನಿಗಳಿಂದ ನೋಡುತ್ತಿದ್ದರು. ಒಳಗೆ ಒಂದು ಹದವಾದ ಸರಸರ ಸದ್ದು, ಒಂದನೆಯ ಸಿಲಿಂಡರಿನಿಂದ ಮೂರನೆಯದರವರೆಗೆ ಒಂದೇ ಸಮ. ಟ್ಯಾಪೆಟ್ ಸಡಿಲಾಗಿದ್ದರೆ ಆ ಜಾಗದಲ್ಲಿ ಟಕ್ ಎಂದು ಕಿವಿಗೆ ಕುಟ್ಟಬೇಕಿತ್ತು. ಕುಟ್ಟಲಿಲ್ಲ. ಇಂಜೆಕ್ಟರುಗಳ ಮೇಲೆ ಇಟ್ಟರೆ ಚಿಕ್ ಚಿಕ್ ಎಂಬ ಸಣ್ಣ ಸದ್ದು, ಮೂರಕ್ಕೂ ಸಮ. ಅದು ಆರೋಗ್ಯದ ಸದ್ದು. ಇಷ್ಟಾಗಿ ಹೊರಗೆ ನಿಂತವರಿಗೆ ಟಿಕ್ ಟಿಕ್ ಮೊದಲಿಗಿಂತ ಚೆನ್ನಾಗಿಯೇ ಕೇಳುತ್ತಿತ್ತು. ಲೋಹದೊಳಗೆ ಇಲ್ಲದ ಸದ್ದು ಗಾಳಿಯಲ್ಲಿ ಇದ್ದರೆ ಏನರ್ಥ?

ಗಾಳಿಯ ಸದ್ದಿಗೆ ಕೋಲು ಸಾಲದು, ಕೊಳವೆ ಬೇಕು. ಬಾಲ್ಕನಿಯ ತುಳಸಿ, ದಾಸವಾಳಗಳಿಗೆ ನೀರು ಬಿಡುವ ರಬ್ಬರ್ ನಳಿಗೆ ಒಂದು ಮೊಳ ತಂದು ಒಂದು ತುದಿ ಕಿವಿಗಿಟ್ಟು, ಇನ್ನೊಂದನ್ನು ಎಂಜಿನ್ನಿಗೆ ತಾಗಿಸದೆ ಅದರ ಸುತ್ತ ಮೆಲ್ಲನೆ ಸರಿಸುತ್ತ ಹೋದೆವು. ಮೂರನೆಯ ಸಿಲಿಂಡರಿನಿಂದ ಹೊಗೆಯ ಕೊಳವೆ ಹೊರಡುವಲ್ಲಿ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹೆಡ್ಡಿಗೆ ಕೂಡುವ ಗೆರೆಯ ಹತ್ತಿರ ಬಂದದ್ದೇ ತಡ, ಕಿವಿಯೊಳಗೆ ಪುಸ್! ಪುಸ್! ಪುಸ್! ಎರಡು ಬೆರಳು ಆಚೆ ಸರಿಸಿದರೆ ಮತ್ತೆ ಬರೀ ಟಿಕ್. ಮನೆಯಾಕೆಯ ಕೈಗೆ ಕೊಟ್ಟೆವು. ಆಕೆ ಅರೆಕ್ಷಣ ಕೇಳಿ, ಇದು ಕುಕ್ಕರಿನ ಗ್ಯಾಸ್ಕೆಟ್ ಹಳೆಯದಾದಾಗಿನ ಸದ್ದು, ಮೊದಮೊದಲು ಬದಿಯಿಂದ ಪುಸ್ ಎಂದು ಬಿಸಿಯಾದ ಮೇಲೆ ಕಚ್ಚಿಕೊಳ್ಳುತ್ತದಲ್ಲ, ಹಾಗೆಯೇ ಇದೆ ಎಂದಳು. ನಮ್ಮ ನೋಟಿಂಗಿನ ಎರಡು ಪುಟಕ್ಕಿಂತ ಆ ಮಾತು ಮೇಲು. ಮ್ಯಾನಿಫೋಲ್ಡಿಗೂ ಹೆಡ್ಡಿಗೂ ನಡುವೆ ಇರುವುದೂ ಗ್ಯಾಸ್ಕೆಟ್ಟೇ. ತಣ್ಣಗಿರುವಾಗ ಸಂದಿನಿಂದ ಹೊಗೆ ಚಿಮ್ಮುತ್ತದೆ, ಬಿಸಿಗೆ ಲೋಹ ಹಿಗ್ಗಿ ಸಂದು ಮುಚ್ಚುತ್ತದೆ.

ಹೊಗೆ ಎಂದೊಡನೆ ನಗು ನಿಂತಿತು. ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ಇದೇ ಅನಿಲದ ಭಯಕ್ಕೆ 1986ರವರೆಗೂ ಪಂಜರದಲ್ಲಿ ಕ್ಯಾನರಿ ಹಕ್ಕಿಯನ್ನು ಕೆಳಗೆ ಒಯ್ಯುತ್ತಿದ್ದರು. ಮನುಷ್ಯನಿಗೆ ತಿಳಿಯುವ ಮೊದಲು ಹಕ್ಕಿ ತೂಕಡಿಸಿ ಬೀಳುತ್ತಿತ್ತು. ಸೈಲೆನ್ಸರಿನ ದಾರಿಯಲ್ಲಿರುವ ಕೆಟಲಿಟಿಕ್ ಕನ್ವರ್ಟರು ಈ ವಿಷದ ಬಹುಪಾಲನ್ನು ಸುಟ್ಟು ನಿರಪಾಯ ಮಾಡುತ್ತದೆ. ಆದರೆ ನಮ್ಮ ಸೋರಿಕೆ ಕನ್ವರ್ಟರಿಗೆ ಮೊದಲೇ. ಅದೂ ತಣ್ಣನೆಯ ಎಂಜಿನ್ ಪೆಟ್ರೋಲು ಹೆಚ್ಚು ಕುಡಿದು ಈ ಅನಿಲ ಹೆಚ್ಚು ಉಗುಳುವ ಹೊತ್ತಿನಲ್ಲಿ. ಕಾರಿನೊಳಕ್ಕೆ ಹೊರಗಾಳಿ ಎಳೆಯುವ ಜಾಲರಿ ಇರುವುದು ಬಾನೆಟ್ಟಿನ ಹಿಂಬದಿಯಲ್ಲಿ, ಗಾಜಿನ ಬುಡದಲ್ಲಿ. ಚಳಿಗೆ ಕಿಟಕಿ ಏರಿಸಿ, ದಿಂಬಿಗೊರಗಿ ಎಂಟು ಗಂಟೆ ಕೂರಬೇಕಾದ ಎಪ್ಪತ್ತನಾಲ್ಕರ ಅಮ್ಮ ನಮ್ಮ ಕಣ್ಣ ಮುಂದೆ ಬಂದರು. ಹೊರಡುವ ದಿನವನ್ನು ಅಂದೇ ಮುಂದೆ ಹಾಕಿ ಧಾರವಾಡಕ್ಕೆ ಫೋನು ಮಾಡಿದೆವು. ಕಾರಣ ಹೇಳಲಿಲ್ಲ, ರಜೆಯ ತಾಪತ್ರಯ ಎಂದೆವು.

ಸೋಮವಾರ ಅರ್ಧ ದಿನ ರಜೆ ಹಾಕಿ, ವಾರಜೆ ಕಡೆಯ ಒಂದು ಸಣ್ಣ ಗ್ಯಾರೇಜಿಗೆ ಕಿಟಕಿಗಳನ್ನೆಲ್ಲ ಇಳಿಸಿಕೊಂಡು ಹೋದೆವು. ಮೇಸ್ತ್ರಿ ಅಕ್ಕಲಕೋಟೆ ಕಡೆಯವನು. ನಮ್ಮ ಮರಾಠಿಯ ಧಾಟಿ ಕೇಳಿಯೇ, "ನೀವು ಕನ್ನಡದಾವ್ರೇನ್ರೀ?" ಎಂದ. ಪರಊರಿನಲ್ಲಿ ಈ ಒಂದು ಪ್ರಶ್ನೆಗೆ ಎಷ್ಟು ಬೆಲೆ ಎಂಬುದು ಈ ಪುಟ ಓದುವವರಿಗೆ ಹೇಳಬೇಕಾಗಿಲ್ಲ. ಕುರ್ಚಿ ಬಂತು, ಚಹಾ ಬಂತು. ಸದ್ದಿನ ಕಥೆಯನ್ನು ನಾವು ಟಿಕ್ಕು ಪುಸ್ಸುಗಳ ಸಮೇತ ಹೇಳಿದೆವು. ಅವನು ಪೂರ್ತಿ ಕೇಳಿದ. ಗಾಡಿ ಅಲ್ಲೇ ಬಿಟ್ಟು ಹೋಗ್ರಿ, ನಾಳೆ ಬೆಳಿಗ್ಗೆ ತಣ್ಣಗಿದ್ದಾಗ ನೋಡೋಣು ಎಂದ. ಅಲ್ಲಿಗೆ ನಮಗೆ ಭರವಸೆ ಬಂತು.

ಮರುದಿನ ಬೆಳಿಗ್ಗೆ ಅವನು ಮಾಡಿದ ಎರಡು ಪರೀಕ್ಷೆಗಳು ಇಲ್ಲಿ ಬರೆದಿಡುವಂಥವು. ಎಂಜಿನ್ ಓಡುತ್ತಿರುವಾಗ ಮೂರನೆಯ ಸಿಲಿಂಡರಿನ ಇಂಜೆಕ್ಟರಿಗೆ ಹೋಗುವ ವೈರಿನ ಪಿನ್ನು ಕಿತ್ತ. ಎಂಜಿನ್ ಕುಂಟತೊಡಗಿತು, ಟಿಕ್ ಟಿಕ್ ಮಾಯ! ಪಿನ್ನು ಚುಚ್ಚಿದ, ಮರಳಿ ಬಂತು. ಒಂದನೆಯದರ ಪಿನ್ನು ಕಿತ್ತ. ಎಂಜಿನ್ ಕುಂಟಿತು, ಟಿಕ್ ಟಿಕ್ ಹಾಗೆಯೇ ಉಳಿಯಿತು. ಟ್ಯಾಪೆಟ್ಟಿನ ಸದ್ದಾದರೆ ಸಿಲಿಂಡರು ಉರಿಯಲಿ ಬಿಡಲಿ, ವಾಲ್ವು ಕುಣಿಯುವವರೆಗೆ ಸದ್ದು ಇರಲೇಬೇಕು. ಉರಿ ನಿಂತರೆ ನಿಲ್ಲುವುದು ಉರಿಯ ಒತ್ತಡದಿಂದ ಹುಟ್ಟಿದ ಸದ್ದು. ಎರಡನೆಯದಕ್ಕೆ ನೆನೆಸಿದ ದಪ್ಪ ಬಟ್ಟೆಯ ಉಂಡೆಯನ್ನು ಸೈಲೆನ್ಸರಿನ ಬಾಯಿಗೆ ಎರಡೇ ಸೆಕೆಂಡು ಒತ್ತಿ ಹಿಡಿದ. ಹಿಂದೆ ದಾರಿ ಕಟ್ಟಿದ ಹೊಗೆ ಮುಂದಿನ ಸಂದಿಗೆ ನುಗ್ಗಿ, ಟಿಕ್ ಟಿಕ್ ಚಟಚಟ ಆಯಿತು. "ಹೆಡ್ ಯಾಕ್ ಬಿಚ್ಚಬೇಕ್ರೀ ಸಾಹೇಬ್ರ? ಆಕೀ ತಲಿ ಸುದ್ದ ಐತಿ. ಉಸುರು ಸೋರಾಕತ್ತೈತಿ" ಎಂದ.

ರಿಪೇರಿಗೆ ಎರಡು ದಿನ ಹಿಡಿಯಿತು. ಹದಿಮೂರು ಮಳೆಗಾಲ ಕಂಡ ನಟ್ಟುಗಳು ತುಕ್ಕು ಹಿಡಿದು ಒಂದಾಗಿದ್ದವು. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಒಂದು ರಾತ್ರಿ ನೆನೆಯಬಿಟ್ಟ. ಅವಸರದವರು ಅಲ್ಲೇ ಬಲ ಹಾಕಿ ಸ್ಟಡ್ಡುಗಳನ್ನು ಮುರಿದು, ಮುರಿದದ್ದನ್ನು ಕೊರೆದು ತೆಗೆಯುವ ನೆಪದಲ್ಲಿ ಹೆಡ್ ಬಿಚ್ಚುತ್ತಾರಂತೆ. ಇಷ್ಟು ಜತನ ಮಾಡಿಯೂ ಒಂದು ಮುರಿಯಿತು. ಪುಣ್ಯಕ್ಕೆ ಹೊರಗೆ ಚೂರು ಉಳಿದಿತ್ತು, ಅದನ್ನೇ ಹಿಡಿದು ತಿರುಗಿಸಿ ತೆಗೆದ. ಗ್ಯಾಸ್ಕೆಟ್ ಕಳಚಿ ನಮ್ಮ ಕೈಗೆ ಕೊಟ್ಟಾಗ ಮೂರನೆಯ ತೂತಿನ ಪಕ್ಕ ಉಗುರಿನಷ್ಟು ಭಾಗ ಸುಟ್ಟು ಹೋಗಿತ್ತು. ಅಲ್ಲಿಂದ ಅಂಚಿನವರೆಗೆ ಕಾಡಿಗೆ ತೀಡಿದ ಹಾಗೆ ಮಸಿಯ ಗೆರೆ. ಹೆಡ್ಡು ಅಲ್ಯೂಮಿನಿಯಂ, ಮ್ಯಾನಿಫೋಲ್ಡು ಎರಕದ ಕಬ್ಬಿಣ. ಒಂದೇ ಬಿಸಿಗೆ ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಇಬ್ಬರ ನಡುವಿನ ಈ ಎಳೆದಾಟದಲ್ಲಿ ದಿನವೂ ಅರೆದು ಹೋಗುವುದು ನಡುವಿನ ಗ್ಯಾಸ್ಕೆಟ್. ಎರಡು ಸೆಕ್ಷನ್ನುಗಳ ನಡುವೆ ಓಡಾಡುವ ಕಾರಕೂನನಿಗೆ ಇದನ್ನು ಬಿಡಿಸಿ ಹೇಳಬೇಕೇ?

ಮ್ಯಾನಿಫೋಲ್ಡಿನ ಮುಖ ಸೊಟ್ಟಗಾಗಿದೆಯೇ ಎಂದು ಉಕ್ಕಿನ ಪಟ್ಟಿ ಇಟ್ಟು ಸಂದಿನಲ್ಲಿ ತೆಳುತಗಡು ತೂರಿಸಿ ನೋಡಿದ. ಸೊಟ್ಟಗಾಗಿರಲಿಲ್ಲ. ಹಳೆಯ ಮಸಿ ಕೆರೆದು, ಹೊಸ ಗ್ಯಾಸ್ಕೆಟ್ ಇಟ್ಟು, ನಟ್ಟುಗಳನ್ನು ನಡುವಿನಿಂದ ಎರಡೂ ಬದಿಗೆ, ಒಂದೇ ಸಲ ಬಿಗಿಯದೆ ಮೂರು ಸುತ್ತಿನಲ್ಲಿ, ಅಳತೆಯ ಪಾನಾದಿಂದ ಬಿಗಿದ. ಗ್ಯಾಸ್ಕೆಟ್ಟು, ಸ್ಟಡ್ಡು, ನಟ್ಟು, ಕೂಲಿ ಎಲ್ಲ ಸೇರಿ 2,650 ರೂಪಾಯಿ. ಮಗಳ ಕಂತು ಅಂದೇ ಸಂಜೆ ಕಟ್ಟಿದೆವು.

ಆಮೇಲೆ ತಿಳಿದ ಇನ್ನೊಂದು ಸಂಗತಿ. ಲೀಟರಿಗೆ ಹದಿನೆಂಟು ಕೊಡುತ್ತಿದ್ದ ಗಾಡಿ ಹದಿನೈದಕ್ಕೆ ಇಳಿದಿತ್ತು. ವಯಸ್ಸಿನ ಕುಂದು ಎಂದುಕೊಂಡಿದ್ದರು ಎಲ್ಲರೂ. ಸೋರುವ ಸಂದಿನಿಂದ ಹೊಗೆ ಹೊರಗೆ ಹೋಗುವುದಷ್ಟೇ ಅಲ್ಲ, ಎರಡು ಹೊಡೆತಗಳ ನಡುವೆ ಒತ್ತಡ ಇಳಿದಾಗ ಹೊರಗಿನ ಗಾಳಿ ಒಳಕ್ಕೂ ಬರುತ್ತದೆ. ಕೊಳವೆಯಲ್ಲಿ ಕೂತ ಆಕ್ಸಿಜನ್ ಸೆನ್ಸರು ಆ ಗಾಳಿ ಕಂಡು ಪೆಟ್ರೋಲು ಸಾಲದೆಂದು ಕಂಪ್ಯೂಟರಿಗೆ ವರದಿ ಕೊಡುತ್ತದೆ, ಕಂಪ್ಯೂಟರು ಮಂಜೂರು ಮಾಡುತ್ತದೆ. ಸುಳ್ಳು ವರದಿಯ ಮೇಲೆ ಹಣ ಬಿಡುಗಡೆ! ಗ್ಯಾಸ್ಕೆಟ್ ಬದಲಾದ ಮೇಲೆ ಹದಿನೇಳೂವರೆ ಬರುತ್ತಿದೆ.

ಜನವರಿ ಎರಡನೆಯ ವಾರ ಧಾರವಾಡಕ್ಕೆ ಹೋದೆವು. ಹೊರಡುವ ದಿನ ಬೆಳಿಗ್ಗೆ ಅಲ್ಲಿ ಪುಣೆಗಿಂತ ಚಳಿ. ಅಮ್ಮನನ್ನು ಕೂರಿಸುವ ಮೊದಲೇ ಎಂಜಿನ್ ಹಚ್ಚಿ, ಬಾನೆಟ್ ಎತ್ತಿ ರಬ್ಬರ್ ನಳಿಗೆ ಇಟ್ಟು ಕೇಳಿದೆವು. ಇಂಜೆಕ್ಟರುಗಳ ಚಿಕ್ ಚಿಕ್ ಬಿಟ್ಟರೆ ಏನೂ ಇಲ್ಲ. ಕಟ್ಟೆಯ ಮೇಲೆ ವಾಕರ್ ಹಿಡಿದು ನಿಂತಿದ್ದ ಅಮ್ಮ, "ಅದಕ್ಕೂ ಡಾಕ್ಟರ್ ಬೇಕಾತೇನು?" ಎಂದರು. ಬೆಳಗಾವಿ ದಾಟಿ ಒಮ್ಮೆ, ನಿಪ್ಪಾಣಿಯಲ್ಲಿ ಚಹಾಕ್ಕೆ ಒಮ್ಮೆ, ಕರಾಡದಲ್ಲಿ ಊಟಕ್ಕೆ ಒಮ್ಮೆ, ಸಾತಾರಾದಲ್ಲಿ ಪೇಡೆಯ ನೆಪಕ್ಕೆ ಒಮ್ಮೆ ನಿಲ್ಲಿಸಿದೆವು. ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು.

ಸಾವಿರ ಕಿಲೋಮೀಟರ್ ಓಡಿದ ಮೇಲೆ ತಣ್ಣಗಿರುವಾಗ ನಟ್ಟುಗಳನ್ನು ಇನ್ನೊಮ್ಮೆ ನೋಡಬೇಕೆಂದು ಮೇಸ್ತ್ರಿ ಹೇಳಿದ್ದಾನೆ. ಆ ದಿನ ತಾನೂ ಗ್ಯಾರೇಜಿಗೆ ಬರುತ್ತೇನೆಂದು ಅಮ್ಮ ಹಟ ಹಿಡಿದಿದ್ದಾರೆ. ಈ ಕಟ್ಟಡದ ಮೂವತ್ತಾರು ಮನೆಗಳಲ್ಲಿ ಹಗಲು ಹೊತ್ತು ಅವರೊಡನೆ ಕನ್ನಡ ಮಾತಾಡುವವರು ಒಬ್ಬರೂ ಇಲ್ಲ. ಎತ್ತರದ ಕುರ್ಚಿಯೊಂದು ಬೇಕಾಗುತ್ತದೆ ಎಂದು ಮೇಸ್ತ್ರಿಗೆ ಫೋನು ಮಾಡಿ ತಿಳಿಸಿದ್ದೇವೆ.